ಕುಂಬಾದ ಮರಕ್ಕೂ ಒಂದು ಬೆಲೆ

ಮೆದು ಮರವೆಂದರೆ ಬಡಗಿಗಳಿಗೆ ತಾತ್ಸಾರ. ಬಾಗಿಲಿಗೂ ತೊಲೆಗೂ ಸಾಗುವಾನಿ, ಮತ್ತಿ ಬೇಕೇ ಹೊರತು ಉಗುರು ಊರಿದರೆ ಗುರುತು ಬೀಳುವ ಮರವನ್ನು ಯಾರೂ ಕೇಳುವುದಿಲ್ಲ. ಆದರೆ ಗೋಕಾಕದ ಹೆಸರನ್ನು ಕರದಂಟಿನ ಜೊತೆಜೊತೆಗೇ ದೂರದೂರಕ್ಕೆ ಒಯ್ದ ಮರದ ಹಣ್ಣು, ತರಕಾರಿಗಳು ಹುಟ್ಟಿದ್ದು ಇಂಥ ಹಗುರ ಮರದಲ್ಲಿಯೇ. ನಿಜವಾದ ಮಾವು, ಪೇರಲವೆಂದು ಕೈಗೆತ್ತಿಕೊಂಡವರಿಗೆ ಅದರ ಹಗುರವೇ ಗುಟ್ಟನ್ನು ಬಿಟ್ಟುಕೊಡುತ್ತದೆ.

ಗೋಕಾಕದ ಕಸುಬು ಮುಖ್ಯವಾಗಿ ಉಳಿ ಮತ್ತು ಕುಂಚದ್ದು. ಮೆದು ಮರವನ್ನು ಲೇತಿಗೇರಿಸಿ ಹೆಸರು ಮಾಡಿದ್ದು ಚನ್ನಪಟ್ಟಣ. ಅಲ್ಲಿ ತಿರುಗುತ್ತಿರುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಬಿಸಿಗೆ ಬಣ್ಣ ಕರಗಿ ಅಂಟುತ್ತದೆ. ಕೇದಗೆಯ ಗರಿ ಅದಕ್ಕೆ ಹೊಳಪು ಕೊಡುತ್ತದೆ.

ಹವ್ಯಾಸಕ್ಕಾಗಿ ಲೇತಿನಲ್ಲಿ ಮರ ಕಡೆಯುವ ನನ್ನ ಕಣ್ಣು ಹುಕ್ಕೇರಿಯಿಂದ ಗೋಕಾಕ, ಮೂಡಲಗಿಯತ್ತ ಸಾಗುವಾಗಲೆಲ್ಲ ಬದುಗಳಲ್ಲಿ ಬಿದ್ದ ಮಾವಿನ ದಿಮ್ಮಿಗಳ ಮೇಲೆ ನಿಲ್ಲುತ್ತದೆ. ಹಿಡಕಲ್ ಜಲಾಶಯದ ನೀರುಂಡ, ಕಬ್ಬಿನ ನಡುವಿನ ಈ ನೆಲದಲ್ಲಿ ದಿಮ್ಮಿಯ ತೇವ ಬೇಗ ಆರುವುದಿಲ್ಲ. ಶಿಲೀಂಧ್ರ ಹೊಕ್ಕು ಮರ ಕುಂಬಾಗತೊಡಗುತ್ತದೆ. ಆಮೇಲೆ ಅದರ ಗತಿ ಒಲೆಯೇ. ಆದರೆ ಆ ದಿಮ್ಮಿಯನ್ನು ಸೀಳಿ ನೋಡಿ: ಒಂದು ಶಿಲೀಂಧ್ರ ತನ್ನ ನೆರೆಯದರಿಂದ ಕಾಪಾಡಿಕೊಳ್ಳಲು ಕಟ್ಟಿದ ಗಡಿಗಳು ಕಪ್ಪು ಶಾಯಿಯ ಗೆರೆಗಳಂತೆ ಹರಿದಿರುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ‘ಸ್ಪಾಲ್ಟೆಡ್’ ಎಂಬ ಹೆಸರಿಟ್ಟು, ಹೂದಾನಿ, ಬಟ್ಟಲುಗಳಿಗೆಂದು ಹೆಚ್ಚಿನ ಬೆಲೆ ತೆತ್ತು ಕೊಳ್ಳುವವರಿದ್ದಾರೆ.

ಈ ಮರವನ್ನು ಕಡೆಯುವುದು ಸುಲಭವೆಂದಲ್ಲ. ಕೊಳೆತ ಭಾಗದ ನಾರು ಕತ್ತರಿಸಿಕೊಳ್ಳುವ ಬದಲು ಕಿತ್ತು ಬರುತ್ತದೆ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕು, ತೆಳುವಾಗಿ ಕೆರೆಯಬೇಕು, ಮೆದುವಾದಲ್ಲಿ ನೀರಿನಂಥ ತೆಳು ಅಂಟನ್ನು ಕುಡಿಸಿ ಗಟ್ಟಿಮಾಡಬೇಕು. ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಕೊಳೆಯುವಿಕೆ ನಿಲ್ಲುವುದರಿಂದ ತಕ್ಕ ಹೊತ್ತಿಗೆ ಒಣಗಿಸುವುದೇ ಅರ್ಧ ವಿದ್ಯೆ. ಹೆಬ್ಬೆರಳಿಗೆ ಪುಡಿಯಾಗುವಷ್ಟು ಲಡ್ಡಾದ ಮರವನ್ನು ಮಾತ್ರ ಲೇತಿಗೆ ಕೊಡಬಾರದು, ಅದು ಸಿಡಿಯುತ್ತದೆ. ದೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಮಕ್ಕಳ ಆಟಿಕೆಗೂ ಇಂಥ ಮರ ಸಲ್ಲದು. ಅದಕ್ಕೆ ಗಟ್ಟಿಮುಟ್ಟಾದ ಹಾಲೆಯೇ ಸರಿ.

ಮೆದು ಮರದ ಮರ್ಮ ತಿಳಿದ ಕೈಗಳು ಗೋಕಾಕದಲ್ಲಿ ಕಡಿಮೆಯಾಗುತ್ತಿವೆ. ಪ್ಲಾಸ್ಟಿಕ್ ಹಣ್ಣುಗಳೊಡನೆ ದರದಲ್ಲಿ ಪೈಪೋಟಿಗಿಳಿದರೆ ಆ ಕಸುಬು ಉಳಿಯುವುದು ಕಷ್ಟ. ಪ್ಲಾಸ್ಟಿಕ್ಕಿಗೆ ಎಂದೂ ಸಾಧ್ಯವಾಗದ ಈ ಕಪ್ಪು ಗೆರೆಗಳ ಹೂದಾನಿಯನ್ನೂ ಅದೇ ಅಂಗಡಿಯ ಕಪಾಟಿನಲ್ಲಿ ಇಟ್ಟು ನೋಡಬಾರದೇಕೆ? ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಮೂರೂ ತಾಲ್ಲೂಕುಗಳ ಸಾಮಿಲ್‌ಗಳು ಕುಂಬು ಹಿಡಿದ ಮಾವನ್ನು ಸೌದೆಯ ರಾಶಿಗೆ ಎಸೆಯುವ ಮೊದಲು ಬೇರೆಯಾಗಿಡಲಿ. ಗೋಕಾಕದಲ್ಲಿ ಒಂದು ಒಣಗಿಸುವ ಚಪ್ಪರ ಮತ್ತು ಎರಡು ಲೇತ್ ಇರಲಿ. ಕೈಮಗ್ಗ, ಕರಕುಶಲಗಳ ಹೆಸರಿನಲ್ಲಿ ನಡೆಯುವ ಮೇಳಗಳಿಗೆ ಹೋಲಿಸಿದರೆ ಇದು ಅಲ್ಪ ವೆಚ್ಚ.