ಬೆಟ್ಟ ಅಗೆಯುವ ಮುನ್ನ ಯಾರನ್ನು ಕೇಳಬೇಕು?

ಮಕ್ಕಳೇ, ನಿಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಇದೆಯೇ? ಈ ಲೋಹ ದೊರೆಯುವುದು ಬಾಕ್ಸೈಟ್ ಎಂಬ ಅದಿರಿನಿಂದ. ಒಡಿಶಾ ರಾಜ್ಯದ ನಿಯಮಗಿರಿ ಬೆಟ್ಟಗಳ ನೆತ್ತಿಯಲ್ಲಿ ಈ ಅದಿರು ಹೇರಳವಾಗಿದೆ. ಅದನ್ನು ಅಗೆದು ತೆಗೆಯುವ ಯೋಜನೆಯೊಂದು ಸಿದ್ಧವಾಗಿತ್ತು.

ಆ ಬೆಟ್ಟಗಳಲ್ಲಿ ಡೊಂಗ್ರಿಯಾ ಕೊಂಧ್ ಬುಡಕಟ್ಟಿನ ಜನರಿದ್ದಾರೆ. ಬೆಟ್ಟವೇ ಅವರ ದೇವರು. ಇಳಿಜಾರೇ ಅವರ ಹೊಲ. ಬಾಕ್ಸೈಟ್ ಪದರದಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮಳೆನೀರು ಅದರೊಳಗೆ ಇಂಗಿ, ನಿಧಾನವಾಗಿ ಕೆಳಗಿಳಿದು ತೊರೆಯಾಗಿ ಹರಿಯುತ್ತದೆ. ಆ ಪದರವನ್ನೇ ತೆಗೆದರೆ ತೊರೆಗಳ ಗತಿಯೇನು? ಇದು ಅಲ್ಲಿನ ಜನರ ಆತಂಕವಾಗಿತ್ತು.

ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿನ ಗ್ರಾಮಸಭೆಗಳು ಈ ವಿಷಯವನ್ನು ಪರಿಶೀಲಿಸಿ ತಮ್ಮ ತೀರ್ಮಾನ ತಿಳಿಸಲಿ ಎಂದು 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ನ್ಯಾಯಾಧೀಶರ ಸಮ್ಮುಖದಲ್ಲಿ 12 ಹಳ್ಳಿಗಳು ಸಭೆ ಸೇರಿದವು. ಹನ್ನೆರಡೂ ಹಳ್ಳಿಗಳು ಗಣಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯೋಜನೆಗೆ ಅನುಮತಿ ನಿರಾಕರಿಸಿತು.

ನಮಗೆ ಇಂಥ ಹಕ್ಕುಗಳಿವೆಯೇ? ಇವೆ. ಮೊದಲನೆಯದು ತಿಳಿಯುವ ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಯಾವುದೇ ನಾಗರಿಕರು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಕಡತದ ಪ್ರತಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.

ಎರಡನೆಯದು ಹೇಳುವ ಹಕ್ಕು. ದೊಡ್ಡ ಗಣಿ, ಅಣೆಕಟ್ಟು, ಕಾರ್ಖಾನೆಗಳಂಥ ಹಲವು ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂದು 2006ರ ಪರಿಸರ ಅಧಿಸೂಚನೆ ಹೇಳುತ್ತದೆ. ನೆಲ, ನೀರು, ಗಾಳಿಗೆ ಆಗುವ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆಯ ಸುದ್ದಿಯನ್ನು ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಲ್ಲಿ ಆಡಿದ ಮಾತುಗಳು ದಾಖಲಾಗುತ್ತವೆ. ಆದರೆ ಕೊನೆಯ ತೀರ್ಮಾನ ಸರ್ಕಾರದ್ದೇ. ಆದ್ದರಿಂದ ಹೇಳುವ ಮಾತಿಗೆ ಆಧಾರವಿರಬೇಕು. 'ನಮ್ಮ ಹಳ್ಳ ಹಾಳಾಗುತ್ತದೆ' ಎನ್ನುವುದಕ್ಕಿಂತ 'ನಮ್ಮ ಹಳ್ಳ ಮಾರ್ಚ್‌ವರೆಗೂ ಹರಿಯುತ್ತದೆ, ಇಷ್ಟು ಮನೆಗಳು ಅದನ್ನು ನಂಬಿವೆ' ಎನ್ನುವ ಮಾತಿಗೆ ತೂಕ ಹೆಚ್ಚು. ಆ ಲೆಕ್ಕ ಚೆನ್ನಾಗಿ ಗೊತ್ತಿರುವುದು ಊರಿನವರಿಗೇ ಅಲ್ಲವೇ?

ಮಾಡಿ ನೋಡಿ: ನಿಮ್ಮೂರ ಕೆರೆ, ಹಳ್ಳ, ಬಾವಿಗಳಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ? ಹಿಂದೆ ಹೇಗಿತ್ತು? ಅಜ್ಜ-ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಿ. ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಅದನ್ನು ಓದಿ ಹೇಳಿ.