ಕಟ್ಟಿದ ಕಾರಿಗೆ ಬೆಲೆ ಕಟ್ಟೋದು ಹೇಗೆ?

ಹಳೇ ಸ್ಪ್ಲೆಂಡರ್ ಮಾರೋದು ನಮಗೇನೂ ಹೊಸದಲ್ಲ. ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್, ಆರ್‌ಸಿ ಸರಿ ಇದೆಯಾ – ಇಷ್ಟು ಹೇಳಿದ್ರೆ ಹಾಸ್ಟೆಲ್‌ನಲ್ಲಿ ಯಾರನ್ನ ಕೇಳಿದ್ರೂ ಹೆಚ್ಚುಕಮ್ಮಿ ಒಂದೇ ರೇಟು ಹೇಳ್ತಾರೆ. ಅಂಥ ಗಾಡಿಗಳು ಲೆಕ್ಕವಿಲ್ಲದಷ್ಟು ಇರೋದರಿಂದ ಮಾರ್ಕೆಟ್ಟೇ ಬೆಲೆ ನಿಗದಿ ಮಾಡಿಬಿಟ್ಟಿರುತ್ತೆ. ಆದರೆ ಪ್ರಪಂಚದಲ್ಲಿ ಒಂದೇ ಒಂದು ಇರುವ ಕಾರನ್ನು ಮಾರಬೇಕಾಗಿ ಬಂದ್ರೆ? ಅಮೆರಿಕದಲ್ಲಿ ಹಾಟ್ ರಾಡ್ ಕಟ್ಟಿದವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗೋ ಪ್ರಶ್ನೆ ಇದು.

ಹಾಟ್ ರಾಡ್ ಅಂದ್ರೆ ಹಳೇ ಕಾಲದ ಕಾರಿನ ಮಡ್‌ಗಾರ್ಡ್, ಬಂಪರ್ ಕಿತ್ತು ತೂಕ ಇಳಿಸಿ, ಜೋರಾದ ಎಂಜಿನ್ ಕೂರಿಸಿದ ಗಾಡಿ. ಕ್ಯಾಲಿಫೋರ್ನಿಯಾದ ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಹುಡುಗರು ಇವನ್ನು ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಎಲ್ಲರ ಮೆಚ್ಚಿನದು 1932ರ ಫೋರ್ಡ್. ಇಸವಿಯ ಕೊನೆಯ ಎರಡರಿಂದಾಗಿ ಅದಕ್ಕೆ 'ಡ್ಯೂಸ್' ಅಂತ ಅಡ್ಡಹೆಸರು. ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ವಿ8 ಎಂಜಿನ್ ಕೊಟ್ಟ ಕಾರು ಅದು: 221 ಘನ ಇಂಚು, ಅಂದ್ರೆ ಸುಮಾರು 3.6 ಲೀಟರ್, 65 ಅಶ್ವಶಕ್ತಿ. ವಾಲ್ವ್‌ಗಳು ಬ್ಲಾಕ್‌ನಲ್ಲೇ ಇರೋದರಿಂದ ಮೇಲಿನ ಹೆಡ್ ಚಪ್ಪಟೆ, ಹಾಗಾಗಿ 'ಫ್ಲ್ಯಾಟ್‌ಹೆಡ್'. ಇದರ ಎಕ್ಸಾಸ್ಟ್ ಬಿಸಿಗಾಳಿ ಬ್ಲಾಕ್‌ನೊಳಗೇ ಹಾದು ಹೊರಗೆ ಬರುತ್ತೆ. ಆ ಶಾಖವೆಲ್ಲ ನೀರಿಗೆ ಸೇರಿ ರೇಡಿಯೇಟರ್ ಕುದಿಯೋದು ಮಾಮೂಲು. 1955ರಲ್ಲಿ ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಬಂದ ಮೇಲೆ ಬಹಳಷ್ಟು ಜನ ಫೋರ್ಡ್ ಬಾನೆಟ್ ಕೆಳಗೆ ಅದನ್ನೇ ಕೂರಿಸಿದರು.

ಈಗ ಮಾರಾಟಕ್ಕೆ ಬರೋಣ. ಮಾರುವವನ ಹತ್ತಿರ ಒಂದು ಕಟ್ಟು ಬಿಲ್ ಇರುತ್ತೆ: ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಪೇಂಟ್, ಸೀಟು. ಎಲ್ಲ ಕೂಡಿಸಿ, ಮೇಲೆ ತನ್ನ ಭಾನುವಾರಗಳನ್ನೂ ಸೇರಿಸಿ ಒಂದು ಬೆಲೆ ಹೇಳ್ತಾನೆ. ಆ ಬೆಲೆ ಸಾಮಾನ್ಯವಾಗಿ ಸಿಗಲ್ಲ. ಯಾಕಂದ್ರೆ ಕಟ್ಟುವಾಗ ತೆಗೆದುಕೊಂಡ ಪ್ರತಿ ತೀರ್ಮಾನವೂ ಒಂದಷ್ಟು ಗಿರಾಕಿಗಳನ್ನು ಕಳೆದುಬಿಟ್ಟಿರುತ್ತೆ. ಅಂದಕ್ಕೆ ಅಂತ ಛಾವಣಿಯನ್ನು ನಾಲ್ಕು ಇಂಚು ಕತ್ತರಿಸಿ ಇಳಿಸಿದರೆ ಎತ್ತರದವನು ಒಳಗೆ ಕೂರೋಕಾಗಲ್ಲ. ಫ್ಲ್ಯಾಟ್‌ಹೆಡ್ ಇಟ್ಟರೆ ದಿನಾ ಓಡಿಸಬೇಕು ಅನ್ನೋನು ಹಿಂದೆ ಸರಿತಾನೆ, ಷೆವರ್ಲೆ ಎಂಜಿನ್ ಹಾಕಿದರೆ ಫೋರ್ಡ್ ಭಕ್ತರು ಮೂಗು ಮುರಿತಾರೆ. ಕಟ್ಟೋದಕ್ಕಿಂತ ಇನ್ನೊಬ್ಬ ಕಟ್ಟಿದ್ದನ್ನು ಕೊಳ್ಳೋದೇ ಅಗ್ಗ ಅಂತ ಅಲ್ಲಿನವರೇ ಹೇಳ್ಕೊಳ್ತಾರೆ. ಹೇಳ್ತಾನೇ ಮುಂದಿನ ಕಾರಿಗೆ ಕೈ ಹಾಕ್ತಾರೆ, ಅದು ಬೇರೆ ಮಾತು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಇದು ನಿಜಕ್ಕೂ 1932ರ ಕಾರೇ? ಲಾರಿಗೆ ಬಾಡಿ ಕಟ್ಟಿಸ್ತಾರಲ್ಲ, ಹಾಗೆ ಡ್ಯೂಸ್‌ಗೂ ಹೊಸ ಬಾಡಿ ಸಿಗುತ್ತೆ. ಓಹಾಯೋದ ಬ್ರೂಕ್‌ವಿಲ್ ಕಂಪನಿ ಉಕ್ಕಿನಲ್ಲೇ ಮಾಡಿಕೊಡುತ್ತೆ. ಫೈಬರ್‌ಗ್ಲಾಸ್‌ನದು ಇನ್ನೂ ಸುಲಭ. ಹತ್ತಡಿ ದೂರದಿಂದ ನೋಡಿದ್ರೆ ಮೂರೂ ಒಂದೇ. ಫೈಬರ್ ಆದರೆ ಆಯಸ್ಕಾಂತ ಇಟ್ಟು ಕಂಡುಹಿಡೀಬಹುದು. ಹಳೇ ಉಕ್ಕು, ಹೊಸ ಉಕ್ಕು ಅನ್ನೋ ವ್ಯತ್ಯಾಸ ಅದಕ್ಕೆ ಗೊತ್ತಾಗಲ್ಲ. ಫೋರ್ಡ್ ಕಂಪನಿ ನಂಬರನ್ನು ಚಾಸಿಯ ಪಟ್ಟಿಯ ಮೇಲ್ಭಾಗದಲ್ಲಿ ಹೊಡೆದಿತ್ತು. ವಿ8 ಆದರೆ ಅದು 18ರಿಂದ ಶುರು. ಒಂದು ನಂಬರು ಬಾಡಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತೆ, ಬಾಡಿ ಎತ್ತದೆ ಕಾಣಲ್ಲ. ಗುಜರಿಗೆ ಹೋದ ಯಾವುದೋ ಕಾರಿನ ದಾಖಲೆಯನ್ನು ಹೊಸ ಚಾಸಿಗೆ ಅಂಟಿಸಿ ಮಾರುವವರೂ ಇದ್ದಾರೆ. ನಂಬರು ತಾಳೆಯಾಗದಿದ್ರೆ ಕೊಂಡವನ ಕೈಯಿಂದ ಕಾರೂ ಹೋಗಬಹುದು, ದುಡ್ಡೂ ಹೋಗಬಹುದು.

ಹೊಸದಾಗಿ ಕಟ್ಟಿದ್ದನ್ನು ಹೊಸದು ಅಂತಲೇ ನೋಂದಾಯಿಸೋಕೆ ದಾರಿ ಇಲ್ಲದೇನಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಬೇರೆಯೇ ವರ್ಗ ಇದೆ. ವರ್ಷಕ್ಕೆ ಮೊದಲ 500 ಗಾಡಿಗಳಿಗೆ, ಹೊಗೆ ತಪಾಸಣೆಯ ಮಟ್ಟಿಗೆ, ಅವು ಯಾವ ಇಸವಿಯ ಕಾರನ್ನು ಹೋಲುತ್ತವೋ ಅದೇ ಇಸವಿಯವು ಅಂತ ಪರಿಗಣಿಸಿಕೊಳ್ಳುವ ಅವಕಾಶವೂ ಉಂಟು. (ನಮ್ಮಲ್ಲಿ ಕನಸು ಕಾಣೋ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ತಯಾರಕರ ನಮೂದಿಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ.)

ಹಾಗಾದ್ರೆ ಒಳ್ಳೇ ಬೆಲೆ ಯಾರಿಗೆ ಸಿಗುತ್ತೆ? ನಮಗೆ ಕಂಡ ಮಟ್ಟಿಗೆ, ಫೈಲ್ ಇಟ್ಟವನಿಗೆ. ಪೇಂಟ್ ಮತ್ತು ಪುಟ್ಟಿ ಒಂದು ಸಲ ಮೇಲೆ ಬಿದ್ದರೆ ಕೆಳಗಿರೋ ವೆಲ್ಡಿಂಗ್ ಒಳ್ಳೇದೋ ಕೆಟ್ಟದೋ ದೇವರಿಗೇ ಗೊತ್ತು. ಬರೀ ಲೋಹದ ಹಂತದಲ್ಲೇ ತೆಗೆದ ಫೋಟೋ, ಎಂಜಿನ್ ಬೋರ್ ಮಾಡಿಸಿದ ಅಳತೆ, ಕೈಯಲ್ಲಿ ಬರೆದ ವೈರಿಂಗ್ ಚಿತ್ರ – ಇವೇ ಗಿರಾಕಿಗೆ ಧೈರ್ಯ ಕೊಡೋದು. ಬ್ರೇಕನ್ನೇ ತಗೊಳ್ಳಿ. 1932ರ ಫೋರ್ಡ್‌ನದು ಸರಳು ಎಳೆಯುವ ಮೆಕ್ಯಾನಿಕಲ್ ಬ್ರೇಕ್. ಫೋರ್ಡ್ ಹೈಡ್ರಾಲಿಕ್‌ಗೆ ಬಂದದ್ದು 1939ರಲ್ಲಿ. ಹಾಗಾಗಿ ಹಾಟ್ ರಾಡ್‌ನಲ್ಲಿರೋ ಬ್ರೇಕ್ ಯಾವುದೋ ಬೇರೆ ಗಾಡಿಯದು. ಮಾಸ್ಟರ್ ಸಿಲಿಂಡರ್ ಒಂದರದ್ದು, ಡ್ರಮ್ ಇನ್ನೊಂದರದ್ದು ಆಗಿರಬಹುದು. ಇಳಿಜಾರಿನಲ್ಲಿ ಪೆಡಲ್ ಕೆಳಗೆ ಹೋದ ಮೇಲೆ 'ಸೀಲ್ ಯಾವ ಸೈಜ್?' ಅಂತ ಹುಡುಕೋ ಹಾಗಿರಬಾರದಲ್ವಾ? ನಮ್ಮ ವರ್ಕ್‌ಶಾಪ್ ಹಿಂದೆ ನಿಂತಿರೋ ಸ್ಪರ್ಧೆಯ ಬಗ್ಗಿಯ ರೋಲ್ ಕೇಜ್ ಯಾವ ಪೈಪಿನದು, ದಪ್ಪ ಎಷ್ಟು ಅಂತ ಈಗ ಕ್ಯಾಂಪಸ್‌ನಲ್ಲಿ ಯಾರಿಗೂ ಗೊತ್ತಿಲ್ಲ. ಬರೆದಿಡದೆ ಸೀನಿಯರ್‌ಗಳು ಪಾಸಾಗಿ ಹೋದರು. ಅದನ್ನ ಕೊಳ್ಳೋಕೆ ಗುಜರಿಯವನೊಬ್ಬನೇ ಬಂದಿದ್ದು, ಕೇಜಿ ಲೆಕ್ಕದಲ್ಲಿ.

ಕೆಲವು ಕಾರುಗಳಿಗೆ ಫೈಲಿನ ಮೇಲೆ ಕಥೆಯೂ ಸೇರುತ್ತೆ. 1973ರ 'ಅಮೆರಿಕನ್ ಗ್ರಾಫಿಟಿ' ಸಿನಿಮಾದ ಹಳದಿ ಡ್ಯೂಸ್ ಕೂಪೆಯನ್ನು ಚಿತ್ರೀಕರಣ ಮುಗಿದ ಮೇಲೆ ಮಾರೋಕಿಟ್ಟಾಗ ಕೊಳ್ಳೋರೇ ಇರಲಿಲ್ಲವಂತೆ. ಸಿನಿಮಾ ಗೆದ್ದ ಮೇಲೆ ಅದೇ ಕಾರು ಜಗತ್ತಿನ ಅತಿ ಪ್ರಸಿದ್ಧ ಹಾಟ್ ರಾಡ್‌ಗಳಲ್ಲಿ ಒಂದಾಯ್ತು. ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ರೂಪಿಸಿದ ಕಪ್ಪು ರೋಡ್‌ಸ್ಟರ್, 1997ರಲ್ಲಿ ಪೆಬಲ್ ಬೀಚ್‌ನ ಪ್ರತಿಷ್ಠಿತ ಪ್ರದರ್ಶನ ಮೊದಲ ಸಲ ಹಾಟ್ ರಾಡ್‌ಗಳಿಗೆ ಜಾಗ ಕೊಟ್ಟಾಗ ಆ ವಿಭಾಗದಲ್ಲಿ ಗೆದ್ದಿತು.

ಇಂಥ ಹೆಸರಿಲ್ಲದವರು ಹರಾಜಿಗೆ ಹೋಗುವಾಗ ಎಚ್ಚರ ಬೇಕು. ಕನಿಷ್ಠ ಬೆಲೆ ನಿಗದಿ ಮಾಡದೆ ಹರಾಜಿಗಿಟ್ಟರೆ, ಅವತ್ತು ಇಷ್ಟಪಡೋ ಇಬ್ಬರು ಹಾಲ್‌ನಲ್ಲಿ ಇಲ್ಲದಿದ್ದರೆ ಸಿಕ್ಕಿದ ಬೆಲೆಗೆ ಕೊಡಬೇಕು, ಮೇಲೆ ಕಮಿಷನ್ ಬೇರೆ. ನೇರವಾಗಿ ಮಾರುವವರು 'ಇದ್ದ ಹಾಗೇ ಮಾರಾಟ' ಅಂತ ಬರೆಸಿಕೊಳ್ತಾರೆ. ಆದರೂ ಬುದ್ಧಿವಂತ ಮಾರಾಟಗಾರ ಎಣ್ಣೆ ಎಲ್ಲಿ ಸೋರುತ್ತೆ, ಟ್ರಾಫಿಕ್‌ನಲ್ಲಿ ಎಷ್ಟು ನಿಮಿಷಕ್ಕೆ ಬಿಸಿಯಾಗುತ್ತೆ ಅಂತ ಮೊದಲೇ ಹೇಳಿ, ಬೀಗದ ಕೈ ಜೊತೆ ಫೈಲನ್ನೂ ಕೊಡ್ತಾನೆ. ಕೊಂಡವನು ಮೊದಲ ತಿಂಗಳು ಹತ್ತು ಸಲವಾದ್ರೂ ಫೋನ್ ಮಾಡ್ತಾನೆ ಅನ್ನೋದೂ ಅವನಿಗೆ ಗೊತ್ತಿರುತ್ತೆ.