ಎರಡು ಟ್ಯಾಂಕಿನ ಪಿಕಪ್ಪು: ನಾವು ಕಲಿತ ಪಾಠ

ನಮ್ಮ ಸದಸ್ಯರಲ್ಲಿ ಹಲವರ ತೋಟಗಳಲ್ಲಿ ಹಳೆಯ ಡೀಸೆಲ್ ಪಿಕಪ್ಪುಗಳು ಇಂದಿಗೂ ಗೊಬ್ಬರ, ಕಾಫಿ, ಅಡಿಕೆ ಮೂಟೆಗಳನ್ನು ಹೊರುತ್ತಿವೆ. ಕೆಲವಕ್ಕೆ ಎರಡನೆಯ ಟ್ಯಾಂಕೂ ಇರುವುದುಂಟು. ನಮ್ಮ ಗಾಡಿಗೂ ಇತ್ತು. 1990ರಲ್ಲಿ ಇರಾಕ್ ಕುವೈತಿನ ಮೇಲೆ ಏರಿಹೋದಾಗ ಡೀಸೆಲಿಗೆ ತತ್ವಾರ, ಬಂಕೂ ದೂರ. ಆಗ ನಮ್ಮ ತೀರ್ಥರೂಪರು ಹಾಕಿಸಿದ್ದು. ಅಂದಿಗೆ ಅದು ಜಾಣತನವೇ. ಈಗ ಬಂಕು ಹತ್ತಿರವಾಗಿದೆ, ಟ್ಯಾಂಕು ಮಾತ್ರ ಹಾಗೆಯೇ ಉಳಿದಿತ್ತು.

ಕಳೆದ ಕೊಯ್ಲಿನಲ್ಲಿ ಡೀಸೆಲ್ ಲೆಕ್ಕ ತಾಳೆಯಾಗಲಿಲ್ಲ. ಹೇಳಲು ನಾಚಿಕೆಯಾಗುತ್ತದೆ: ಇಪ್ಪತ್ತು ವರ್ಷ ನಮ್ಮಲ್ಲಿ ದುಡಿದ ಡ್ರೈವರನ ಮುಂದೆ ಪುಸ್ತಕ ಬಿಚ್ಚಿಟ್ಟು ವಿವರ ಕೇಳಿದೆವು. ಆತ ಮರುಮಾತಾಡದೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮರುದಿನ ಮೆಕ್ಯಾನಿಕ್ ಗಾಡಿಯಡಿ ಮಲಗಿ ನೋಡಿದಾಗ ಗುಟ್ಟು ಹೊರಬಿತ್ತು. ಡೀಸೆಲ್ ಎಂಜಿನ್ನು ತಾನು ಎಳೆದುಕೊಂಡ ಎಣ್ಣೆಯನ್ನೆಲ್ಲ ಸುಡುವುದಿಲ್ಲ. ಮಿಕ್ಕದ್ದು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಹಳೆಯ ಕಾಕು ಎಳೆಯುವ ಪೈಪು, ರಿಟರ್ನ್ ಪೈಪು ಎರಡನ್ನೂ ಒಟ್ಟಿಗೆ ಬದಲಿಸುತ್ತಿತ್ತು. ಅದು ಸವೆದಾಗ ಅಗ್ಗವೆಂದು ನಾವೇ ಹಾಕಿಸಿದ ಹೊಸ ಕಾಕು ಎಳೆಯುವ ಪೈಪನ್ನು ಮಾತ್ರ ಬದಲಿಸುತ್ತಿತ್ತು. ಎರಡನೆಯ ಟ್ಯಾಂಕಿನಿಂದ ಓಡಿಸಿದಾಗಲೂ ಮಿಕ್ಕ ಎಣ್ಣೆ ಮೊದಲನೆಯದಕ್ಕೇ ಹೋಗಿ, ಅದು ತುಂಬಿದ್ದರೆ ಮುಚ್ಚಳದ ಅಂಚಿನಿಂದ ಉಕ್ಕಿ ದಾರಿಯುದ್ದ ಸುರಿಯುತ್ತಿತ್ತು. ಕಾಫಿ ಬೇಗನೆ ಹೊರವಾಸನೆ ಹೀರುವ ಬೆಳೆ. ಮೂಟೆ ಹೊರುವ ಗಾಡಿಯಲ್ಲಿ ಇದು ಇಮ್ಮಡಿ ನಷ್ಟ.

ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿರುವುದಕ್ಕೂ ಕಾರಣ ಸಿಕ್ಕಿತು. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಜೋಡಣೆ ಸಡಿಲವಾದರೆ ಎಣ್ಣೆ ಹೊರಗೆ ತೊಟ್ಟಿಕ್ಕದೆಯೇ ಗಾಳಿ ಒಳಗೆ ಸೇರಬಹುದು. ಪರೀಕ್ಷೆ ಸುಲಭ: ಪಂಪಿಗೆ ತುಂಡು ಪೈಪು ಕೊಟ್ಟು, ಕ್ಯಾನಿನಲ್ಲಿಟ್ಟ ಶುದ್ಧ ಡೀಸೆಲಿನಿಂದ ಎಂಜಿನ್ ಓಡಿಸಿ ನೋಡುವುದು. ಆಗ ಸರಿಯಾಗಿ ಓಡಿದರೆ ದೋಷ ಟ್ಯಾಂಕಿನ ಕಡೆಯದು.

ನಾವು ಎರಡನೆಯ ಟ್ಯಾಂಕು, ಕಾಕು, ಕೂಡುಪೈಪುಗಳನ್ನೆಲ್ಲ ತೆಗೆಸಿದೆವು. ಈಗ ಹೋಗಲು ಒಂದು ಪೈಪು, ಬರಲು ಒಂದು. ಮಾಡಿಸುವವರು ಕೆಲವು ಸಂಗತಿ ಗಮನಿಸಬೇಕು. ಡೀಸೆಲ್ ತಡೆಯುವ ಪೈಪನ್ನೇ ಬಳಸಿ. ನೀರಿನ ಪೈಪು ಬೇಡ. ಅದು ಸೈಲೆನ್ಸರಿನಿಂದ ದೂರವಿರಲಿ. ಕೆಲಸ ಮುಗಿದ ಮೇಲೆ ಏರ್ ತೆಗೆಯಿರಿ. ಬಿಚ್ಚಿದ ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಒಳಗಿನ ಆವಿ ಸಿಡಿದೀತು. ಎರಡೂ ಟ್ಯಾಂಕು ಬೇಕೆನ್ನುವವರು ಎರಡೂ ಪೈಪುಗಳನ್ನು ಒಟ್ಟಿಗೆ ತಿರುಗಿಸುವ ಕಾಕನ್ನೇ ಹಾಕಿಸಲಿ.

ಅಂದು ಸಂಜೆ ಡ್ರೈವರನ ಮನೆಗೆ ನಾವೇ ಹೋಗಿ ತಪ್ಪೊಪ್ಪಿಕೊಂಡೆವು. "ಕಾಕು ಬದಲಾಯಿಸಿದ ವಾರವೇ ಡೀಸೆಲ್ ವಾಸನೆ ಬರ್ತದೆ ಅಂದಿದ್ದೆನಲ್ಲ ಅಯ್ಯಾ," ಎಂದಷ್ಟೇ ಆತ ಹೇಳಿದ. ಹೇಳಿದ್ದು ನಿಜ, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಬೀಗದ ಕೈ ಮತ್ತೆ ಆತನ ಬಳಿಯೇ ಇದೆ.

ಲೆಕ್ಕ ತಪ್ಪಿದಾಗ ಸದಸ್ಯರು ಮೊದಲು ಗಾಡಿಯಡಿ ಬಗ್ಗಿ ನೋಡಲಿ, ಮನುಷ್ಯರನ್ನು ಕೇಳುವುದು ಆಮೇಲಿರಲಿ ಎಂದು ವಿನಂತಿ.